ದವನದ ಗಿಮ್ಲೆಟ್

19 ಜನವರಿ 2025, ಭಾನುವಾರ. ಬೆಳಿಗ್ಗೆ 7

ಅಡುಗೆ ಸೋಡಾ ಒಂದು ಚಮಚ, ಉಪ್ಪು ಅರ್ಧ, ಉಗುರುಬೆಚ್ಚಗಿನ ನೀರು. ಅಣ್ಣ ದಿನಕ್ಕೆ ಆರು ಸಲ ಬಾಯಿ ಮುಕ್ಕಳಿಸಬೇಕು. ಆಮೇಲೆ ರಾಗಿ ಅಂಬಲಿ, ಎರಡು ಸಲ ಸೋಸಿದ್ದು. ಇವತ್ತು ಅರ್ಧ ಲೋಟ ಇಳಿಯಿತು. ರೇಡಿಯೇಷನ್ ಮುಗಿದು ಐದು ತಿಂಗಳಾದರೂ ರುಚಿ ವಾಪಸ್ ಬಂದಿಲ್ಲ. ಉಪ್ಪು, ಸಿಹಿ ಯಾವುದೂ ಇಲ್ಲ. ಒದ್ದೆ ಕಾಗದ ತಿಂದ ಹಾಗಿದೆ ಎನ್ನುತ್ತಾನೆ. ಅಮ್ಮ ಅಂಬಲಿಗೆ ಇಂಗು, ಜೀರಿಗೆ ಹಾಕಿ ಮಹಡಿಗೆ ಕಳಿಸುತ್ತಾಳೆ. ಘಮ ಚೆನ್ನಾಗಿದೆ ಅಂತ ಅಮ್ಮನಿಗೆ ಹೇಳು ಎಂದ. ಅದು ಸುಳ್ಳಲ್ಲ. ಮೂಗು ಸ್ವಲ್ಪ ಉಳಿದಿದೆ.

ಅಣ್ಣ ಇಪ್ಪತ್ತಾರು ವರ್ಷ ಬಾರ್‌ಟೆಂಡರ್. ಗೋವಾ, ಆಮೇಲೆ ಹಡಗು, ಕೊನೆಗೆ ಬೆಂಗಳೂರಿನ ದೊಡ್ಡ ಹೋಟೆಲು. ನೆಂಟರಿಗೆ ಅಮ್ಮ ಹೇಳುತ್ತಿದ್ದದ್ದು ‘ಹೋಟೆಲ್ ಮ್ಯಾನೇಜರು’. ಅಪ್ಪ ಅದನ್ನೂ ಹೇಳುತ್ತಿರಲಿಲ್ಲ. ಈಗ ಅಪ್ಪ ಇಲ್ಲ, ಒಂಬತ್ತು ವರ್ಷವಾಯಿತು. ಗೌರಿಬಿದನೂರಿನ ಈ ಮನೆಯಲ್ಲಿ ಅಮ್ಮ, ನಾನು. ಹೋದ ವರ್ಷದಿಂದ ಮಹಡಿ ರೂಮಿನಲ್ಲಿ ಅಣ್ಣ, ಅವನ ನಾಲಿಗೆಯ ಕ್ಯಾನ್ಸರ್.

ಮಂಗಳವಾರ ಫಸ್ಟ್ ಪಿಯುಸಿಗೆ ಕೆಮಿಸ್ಟ್ರಿ ಟೆಸ್ಟ್. ಪೇಪರ್ ಇನ್ನೂ ಆಗಿಲ್ಲ.

26 ಜನವರಿ, ಭಾನುವಾರ. ಸಂಜೆ

ಕಾಲೇಜಿನಲ್ಲಿ ಬಾವುಟ ಹಾರಿಸಿ ಮನೆಗೆ ಬಂದರೆ ಮೋಹನ್‌ಬಾಬು ಕೂತಿದ್ದರು. ಚಿಂತಾಮಣಿಯವರು. ಅಣ್ಣನ ಜೊತೆ ಹನ್ನೊಂದು ವರ್ಷ ಒಂದೇ ಕೌಂಟರಿನ ಹಿಂದೆ ನಿಂತವರು. ಜೂನ್‌ನಲ್ಲಿ ಬೆಂಗಳೂರಿನಲ್ಲಿ ತಮ್ಮದೇ ಒಂದು ಚಿಕ್ಕ ಬಾರ್ ತೆರೆಯುತ್ತಾರಂತೆ. ಮೆನುವಿನಲ್ಲಿ ಅಣ್ಣನದೊಂದು ಡ್ರಿಂಕ್ ಇರಬೇಕು, ಅವನ ಹೆಸರಿನಲ್ಲೇ, ಎಂದು ಕೇಳಲು ಬಂದಿದ್ದರು. ಅಮ್ಮ ಕಾಫಿ ಕೊಟ್ಟು ಒಳಗೆ ಹೋದವಳು ಅವರು ಹೋಗುವವರೆಗೂ ಹೊರಗೆ ಬರಲಿಲ್ಲ.

ಅವರು ಹೋದ ಮೇಲೆ ಅಣ್ಣ ದಿಂಬಿಗೆ ಒರಗಿಕೊಂಡ. ಆಮೇಲೆ ಹೇಳಿದ. ಗಿಮ್ಲೆಟ್ ಅಂತ ಒಂದಿದೆ, ಹಳೇ ಕಾಲದ್ದು. ಜಿನ್, ನಿಂಬೆ, ಸಕ್ಕರೆ, ಅಷ್ಟೇ. ಮೂರೇ ಸಾಮಾನು, ಹಾಗಾಗಿ ತಪ್ಪು ಮಾಡಿದರೆ ಬಚ್ಚಿಡಲು ಜಾಗವಿಲ್ಲ. ಅದಕ್ಕೆ ನಮ್ಮ ಕಡೆಯ ಒಂದು ಸೊಪ್ಪು ಸೇರಿಸಬೇಕು ಅಂತ ವರ್ಷಗಳಿಂದ ತಲೆಯಲ್ಲಿತ್ತಂತೆ. ಆಗ ಪುರುಸೊತ್ತು ಇರಲಿಲ್ಲ. ಈಗ ಪುರುಸೊತ್ತು ಇದೆ...

“ನಿನ್ನ ನಾಲಿಗೆ ಸ್ವಲ್ಪ ದಿನ ಕೊಡ್ತೀಯಾ, ಪ್ರಿಯಾ?”

ನಕ್ಕುಬಿಟ್ಟೆ. ಅವನು ನಗಲಿಲ್ಲ.

1 ಫೆಬ್ರವರಿ, ಶನಿವಾರ

ಜಿನ್ ತಂದೆ. ಚಿಕ್ಕಬಳ್ಳಾಪುರದಿಂದ. ಇಲ್ಲಿ ಯಾವ ಅಂಗಡಿಯ ಮುಂದೆ ನಿಂತರೂ ಒಬ್ಬ ಹಳೇ ಸ್ಟೂಡೆಂಟ್ ‘ನಮಸ್ತೆ ಮೇಡಂ’ ಅನ್ನುತ್ತಾನೆ. ನಲವತ್ತಾರು ವರ್ಷ ವಯಸ್ಸು, ಲೆಕ್ಚರರ್ — ದುಪಟ್ಟಾವನ್ನು ಮುಖಕ್ಕೆ ಸುತ್ತಿಕೊಂಡು ಕ್ಯೂನಲ್ಲಿ ನಿಂತೆ. ಅಂಗಡಿಯವನು ತಲೆ ಎತ್ತಿ ಕೂಡ ನೋಡಲಿಲ್ಲ. ಪೇಪರಿನಲ್ಲಿ ಸುತ್ತಿಕೊಟ್ಟ.

ಬ್ಯಾಗಿನಲ್ಲಿ ಬಾಟಲಿಯ ಮೇಲೆ ಎರಡು ಕೆಜಿ ಅವರೆಕಾಯಿ ಸುರಿದುಕೊಂಡು ಬಸ್ಸಿನಲ್ಲಿ ಕೂತೆ. ಪಕ್ಕದಲ್ಲಿ ಬಂದು ಕೂತದ್ದು ಶಿರೀಷಾಳ ತಂದೆ. ಸೆಕೆಂಡ್ ಪಿಯುಸಿ, ಬಿ ಸೆಕ್ಷನ್. ಮಂಚೇನಹಳ್ಳಿಯವರೆಗೂ ಮಗಳ ಮಾರ್ಕ್ಸು, ಟ್ಯೂಷನ್ನು. ಅವರೆಕಾಯಿ ಸೊಗಡು ಚೆನ್ನಾಗಿದೆಯಲ್ಲ ಮೇಡಂ ಎಂದು ಬಗ್ಗಿದಾಗ ಬ್ಯಾಗನ್ನು ಎದೆಗೆ ಎಳೆದುಕೊಂಡೆ.

ನನ್ನ ಬೀರುವನ್ನು ಅಮ್ಮ ದಿನಾ ತೆಗೆಯುತ್ತಾಳೆ. ಬಾಟಲಿಯನ್ನು ಮಹಡಿಯಲ್ಲಿ ಅಣ್ಣನ ಮಂಚದ ಕೆಳಗೆ ಇಟ್ಟೆ. ನನ್ನದೇ ಐಡಿಯಾ.

2 ಫೆಬ್ರವರಿ, ಭಾನುವಾರ. ಸಂಜೆ 6

ಅಮ್ಮ ಭಜನೆಗೆ ಹೋದಳು. ಒಂದೂವರೆ ಗಂಟೆ ನಮ್ಮದು.

ಲ್ಯಾಬಿನಿಂದ ತಂದ ಮೆಷರಿಂಗ್ ಸಿಲಿಂಡರ್. ಷೇಕರ್ ಬದಲು ಮುಚ್ಚಳ ಬಿಗಿಯಾಗಿರುವ ಸ್ಟೀಲ್ ಡಬ್ಬಿ. ಜಿನ್ 60 ಎಂಎಲ್, ನಿಂಬೆರಸ 20, ಸಕ್ಕರೆ ಪಾಕ 15. ಡಬ್ಬಿ ತುಂಬ ಐಸ್. ಅಣ್ಣ ಮಂಚದ ಮೇಲೆ ಒರಗಿ ಹೇಳುತ್ತಾ ಹೋದ, ನಾನು ಮಾಡಿದೆ. ಹನ್ನೆರಡು ಸೆಕೆಂಡ್ ಕುಲುಕಬೇಕು. ಕೈ ಮರಗಟ್ಟಿತು. ಸೋಸಿ ಲೋಟಕ್ಕೆ.

ಸ್ಟ್ರಾ ಅದ್ದಿ, ಮೇಲಿನ ತುದಿಯನ್ನು ಬೆರಳಿನಿಂದ ಮುಚ್ಚಿ, ಎರಡು ಹನಿ ನಾಲಿಗೆಗೆ. ಆಮೇಲೆ ಉಗಿಯುವುದು. ಇಪ್ಪತ್ತಾರು ವರ್ಷ ಅವನು ರುಚಿ ನೋಡಿದ್ದು ಹೀಗೆಯೇ ಅಂತೆ. ಒಂದು ದಿನವೂ ನುಂಗಿಲ್ಲವಂತೆ. ನನಗೆ ಆಶ್ಚರ್ಯ. ಕುಡಿಯುವವನ ಕೈಯಲ್ಲಿ ಆ ಕೆಲಸ ಆಗುವುದಿಲ್ಲ ಎಂದ.

ಹೇಗಿದೆ ಅಂದ. ಹ್ಯಾಂಡ್ ಸ್ಯಾನಿಟೈಸರ್ ಅಂದೆ. ಅದು ವಾಸನೆ, ರುಚಿ ಹೇಳು ಅಂದ. ಹುಳಿ ಮೊದಲು ಬಂತೋ ಸಿಹಿಯೋ? ಎಲ್ಲಿ ತಾಗಿತು, ತುದಿಯಲ್ಲೋ ಪಕ್ಕದಲ್ಲೋ? ಎಷ್ಟು ಹೊತ್ತು ಇತ್ತು? ಇಷ್ಟು ವರ್ಷ ಊಟ ಮಾಡಿದ್ದೇನೆ, ರುಚಿಗೆ ನನ್ನ ಹತ್ತಿರ ನಾಲ್ಕೇ ಮಾತು.

9 ಫೆಬ್ರವರಿ, ಭಾನುವಾರ

ದೊಡ್ಡಪತ್ರೆ — ತಂಬುಳಿಯಾಯಿತು. ಮಜ್ಜಿಗೆ ಹುಲ್ಲು — ಎಲ್ಲರೂ ಮಾಡುತ್ತಾರೆ, ಬೇಡ ಎಂದ. ಕಾಮಕಸ್ತೂರಿ — ಚೆನ್ನಾಗಿತ್ತು. ನಾನು ಎಂಟು ಮಾರ್ಕ್ಸ್ ಕೊಟ್ಟೆ. ಅವನು ಮೂಗಿನ ಹತ್ತಿರ ಹಿಡಿದು, ಇದು ಇಟಲಿಯವರ ಬೇಸಿಲ್ ಜಾತಿಯದೇ, ಆ ಕಡೆಯ ಹುಡುಗಿ ಸೀರೆ ಉಟ್ಟ ಹಾಗಿದೆ ಎಂದ. ತುಳಸಿ ಕೀಳಲು ಹೋದರೆ ತಡೆದ. ಅದು ಅಮ್ಮನ ಗಿಡ, ಅದಕ್ಕೆ ಕೈ ಹಾಕಬೇಡ.

ಇವತ್ತು ನಾನು ಉಗಿಯಲು ಮರೆತು ನುಂಗಿದೆ. ಗಂಟಲಿನಲ್ಲಿ ಬೆಂಕಿ. ಅಣ್ಣ ನಕ್ಕ. ನಕ್ಕರೆ ಬಾಯಿ ನೋಯುತ್ತದೆ, ಆದರೂ ಕೆನ್ನೆ ಹಿಡಿದುಕೊಂಡು ನಕ್ಕ. ಅವನು ಬಂದ ಮೇಲೆ ಈ ಮನೆಯಲ್ಲಿ ಯಾರಾದರೂ ಹಾಗೆ ನಕ್ಕದ್ದು ನೆನಪಿಲ್ಲ.

13 ಫೆಬ್ರವರಿ, ಗುರುವಾರ

ಸ್ಕ್ಯಾನ್ ರಿಪೋರ್ಟ್. ಮತ್ತೆ ಬಂದಿದೆ. ಬುಡಕ್ಕೆ ಹೋಗಿದೆ. ಪೂರ್ತಿ ನಾಲಿಗೆ ತೆಗೆಯಬೇಕು. ಮಾರ್ಚ್ 10.

ಮಾತು? ಬರುವುದಿಲ್ಲ. ಊಟ? ಟ್ಯೂಬ್. ಕಾರಣ ಏನು ಡಾಕ್ಟ್ರೇ ಅಂದೆ, ಇವನು ಕುಡಿದವನಲ್ಲ, ಸೇದಿದವನಲ್ಲ. ಎಷ್ಟೋ ಸಲ ಇಂಥದ್ದೇ ಅಂತ ಹೇಳಲಾಗುವುದಿಲ್ಲ ಎಂದರು. ಅವನ ಒಂದು ಮುರಿದ ದವಡೆ ಹಲ್ಲು ವರ್ಷಗಟ್ಟಲೆ ನಾಲಿಗೆಗೆ ಉಜ್ಜಿದ್ದೂ ಇರಬಹುದು ಎಂದರು.

ಯಲಹಂಕದಲ್ಲಿ ಟ್ರೈನ್ ಹತ್ತಿದೆವು. ದೊಡ್ಡಬಳ್ಳಾಪುರ ದಾಟುವವರೆಗೆ ಅಣ್ಣ ಕಿಟಕಿ ನೋಡುತ್ತಿದ್ದ. ಆಮೇಲೆ, “ಇನ್ನು ಇಪ್ಪತ್ತೈದು ದಿನ. ದವನ ಟ್ರೈ ಮಾಡಣ” ಎಂದ.

16 ಫೆಬ್ರವರಿ, ಭಾನುವಾರ

ಚಿಕ್ಕಬಳ್ಳಾಪುರದ ಹೂವಿನ ಮಾರ್ಕೆಟ್ಟಿನಿಂದ ದವನ ತಂದೆ. ಪಾಕದಲ್ಲಿ ಹಾಕಿ ಕುದಿಸಿದೆ. ಕಹಿ. ಔಷಧಿ. ಅಮ್ಮ ಭಜನೆಯಿಂದ ಬಂದವಳೇ ಮೆಟ್ಟಿಲ ಹತ್ತಿರ ನಿಂತು, ಏನು ಘಮ ಎಂದು ಕೇಳಿದಳು. ಅಣ್ಣನ ಬಾಯಿಗೆ ಕಷಾಯ ಅಂದೆ. ಎಷ್ಟು ಸಲೀಸಾಗಿ ಬಂತು ಆ ಸುಳ್ಳು.

ಆಪರೇಷನ್ ವಿಷಯ ಹೇಳಿದ್ದಾಗಿದೆ. ಅಮ್ಮ ಅತ್ತಿಲ್ಲ. ದೇವರ ಮನೆಯಲ್ಲಿ ಕೂರುವ ಹೊತ್ತು ಮಾತ್ರ ಜಾಸ್ತಿಯಾಗಿದೆ.

22 ಫೆಬ್ರವರಿ, ಶನಿವಾರ. ಸಂಜೆ 6.30

ಬಂತು.

ಬೆಂಕಿ ತೋರಿಸಲೇ ಬಾರದು. ದವನದ ಎಳೆ ಕುಡಿ, ನಿಂಬೆಯ ಸಿಪ್ಪೆಯ ಹಸಿರು ಭಾಗ ಮಾತ್ರ, ಸಕ್ಕರೆಯಲ್ಲಿ ಹಿಸುಕಿ ಒಂದು ದಿನ ಮುಚ್ಚಿಟ್ಟೆ. ಸಕ್ಕರೆ ತಾನಾಗಿ ನೀರಾಯಿತು. ತಿಳಿ ಹಸಿರು. ಅಮ್ಮ ದೇವಸ್ಥಾನಕ್ಕೆ ಹೋದ ಮೇಲೆ ಡಬ್ಬಿ ತೆಗೆದೆ. ಅದು 15, ನಿಂಬೆ 20, ಜಿನ್ 60. ಹನ್ನೆರಡು ಸೆಕೆಂಡ್. ಐಸಿನ ಸದ್ದು ಬದಲಾಯಿತು, ನಿಲ್ಲಿಸಿದೆ.

ಎರಡು ಹನಿ. ಕಣ್ಣು ಮುಚ್ಚಿಕೊಂಡು ಹೇಳಿದೆ — ತುದಿಯಲ್ಲಿ ನಿಂಬೆ. ಚೂಪಾಗಿ ಬಂದು ತಕ್ಷಣ ಹೋಗುತ್ತದೆ. ಆಮೇಲೆ ಸಿಹಿ, ಪಕ್ಕಗಳಲ್ಲಿ. ಅದೂ ಹೋದ ಮೇಲೆ, ಮುಡಿದು ಮಲಗಿದ ಹೂವನ್ನು ಬೆಳಿಗ್ಗೆ ಜಡೆಯಿಂದ ಬಿಚ್ಚಿದಾಗ ಬರುತ್ತದಲ್ಲ, ಅದು. ತುಂಬಾ ಹೊತ್ತು ಇರುತ್ತದೆ.

ಕಣ್ಣು ತೆರೆದರೆ ಅಣ್ಣನ ಕಣ್ಣಲ್ಲಿ ನೀರು. ಇನ್ನೊಂದು ಸಲ ಹೇಳು ಅಂದ. ಹೇಳಿದೆ. ಹಳೇ ಕ್ವೆಶ್ಚನ್ ಪೇಪರಿನ ಹಿಂದೆ ಬರೆದುಕೊಂಡ. ಮೋಹನ್‌ಬಾಬುಗೆ ಫೋನ್ ಮಾಡಿ ಅಳತೆ ಹೇಳಿದ. ಮಾತು ತೊದಲುತ್ತಿತ್ತು. ಎರಡೆರಡು ಸಲ ಹೇಳಬೇಕಾಯಿತು.

23 ಫೆಬ್ರವರಿ, ಭಾನುವಾರ

ಬರೆಯಲೇಬೇಕು. ಬರೆಯದಿದ್ದರೆ ಆಗಲೇ ಇಲ್ಲ ಅಂದುಕೊಂಡುಬಿಡುತ್ತೇನೆ.

ಬೆಳಿಗ್ಗೆ ಹತ್ತು. ಅಮ್ಮ ಮಂಚದ ಬೆಡ್‌ಶೀಟ್ ಬದಲಿಸಲು ಮಹಡಿಗೆ ಹೋದಳು. ಮಂಡಿ ನೋವಿಗೆ ಆ ಮೆಟ್ಟಿಲು ಹತ್ತುವುದೇ ಇಲ್ಲ. ಇವತ್ತು ಹತ್ತಿದಳು. ನಾನು ಬಕೆಟ್ ಹಿಡಿದು ಹಿಂದೆ ಹೋಗುವ ಹೊತ್ತಿಗೆ ಬಾಟಲಿ ಅವಳ ಕೈಯಲ್ಲಿತ್ತು. ಮುಕ್ಕಾಲು ಖಾಲಿ. ಉಗಿದದ್ದು, ಚೆಲ್ಲಿದ್ದು, ಕೆಟ್ಟದ್ದು ಎಲ್ಲಾ ಸೇರಿ ಮುಕ್ಕಾಲು.

ಕೂಗಾಡಲಿಲ್ಲ. ತಗ್ಗಿದ ದನಿಯಲ್ಲಿ ಕೇಳಿದಳು.

“ನಾಲಿಗೆ ಕೊಳೀತಾ ಇದ್ರೂ ಬಿಡ್ಲಿಲ್ವಲ್ಲೋ ರಘು. ನಂಗೆ ಮಾತು ಕೊಟ್ಟಿದ್ದೆ. ಇದ್ರಿಂದ್ಲೇ ಬಂತು ಅಂತ ಇವಾಗ ಗೊತ್ತಾಯ್ತು.”

ಅಣ್ಣ ನನ್ನ ಕಡೆ ನೋಡಿದ. ಒಂದೇ ಸಲ. ನಾನು ಬಾಗಿಲಲ್ಲಿದ್ದೆ. ‘ಅಮ್ಮ, ಅದು ನಾನು ತಂದದ್ದು, ನಾನು ಕುಡಿದದ್ದು’ — ಆರು ಪದ. ದಿನಾ ನಾಲ್ಕು ಗಂಟೆ ಮಾತಾಡಿ ಸಂಬಳ ತೆಗೆದುಕೊಳ್ಳುವವಳು ನಾನು. ಬಾಯಿ ಬರಲಿಲ್ಲ.

“ತಪ್ಪಾಯ್ತಮ್ಮ” ಎಂದ ಅಣ್ಣ.

ಅಮ್ಮ ಬಾಟಲಿಯನ್ನು ಬಚ್ಚಲಿಗೆ ಸುರಿದಳು. ನಾನು ಬಕೆಟ್ಟಿನಿಂದ ನೀರು ಹಾಕಿದೆ.

ಮಧ್ಯಾಹ್ನ ಅವನ ಹತ್ತಿರ ಹೋಗಿ ಈಗಲೇ ಹೇಳಿಬಿಡುತ್ತೇನೆ ಎಂದೆ. ಬೇಡ, ಆಪರೇಷನ್ ಮುಗಿಯಲಿ, ಆಮೇಲೆ ಹೇಳೋಣ ಎಂದ. ಸರಿ ಎಂದುಬಿಟ್ಟೆ.

2 ಮಾರ್ಚ್, ಭಾನುವಾರ

ಅಮ್ಮ ಅಂಬಲಿ ಸೋಸುವುದು ಬಿಟ್ಟಿಲ್ಲ. ಬಟ್ಟೆ ಒಗೆಯುವುದು ಬಿಟ್ಟಿಲ್ಲ. ಮಾತು ಮಾತ್ರ ಬಿಟ್ಟಿದ್ದಾಳೆ. ಲೋಟವನ್ನು ಮೆಟ್ಟಿಲ ಮೇಲಿಟ್ಟು, ನನ್ನ ಹೆಸರು ಹಿಡಿದು ಕೂಗುತ್ತಾಳೆ. ಅಣ್ಣ ಕೆಳಗೆ ಬಂದು ಹಾಲ್‌ನಲ್ಲಿ ಕೂತರೆ ಎದ್ದು ಹಿತ್ತಲಿಗೆ ಹೋಗುತ್ತಾಳೆ. ಅವನಿಗೆ ಮಾತಿರುವುದು ಇನ್ನು ಎಂಟು ದಿನ.

ಇವತ್ತು ಎರಡು ಸಲ ಅಡುಗೆಮನೆಯ ಬಾಗಿಲವರೆಗೆ ಹೋದೆ. ಒಂದು ಸಲ ‘ಅಮ್ಮ’ ಅಂದೆ ಕೂಡ. ಏನೇ ಅಂದಳು. ಹಾಲು ಸಾಕಾ, ತರಬೇಕಾ ಎಂದು ಕೇಳಿ ವಾಪಸ್ ಬಂದೆ.

9 ಮಾರ್ಚ್, ಭಾನುವಾರ. ಆಸ್ಪತ್ರೆ, ಸಂಜೆ

ಬೆಳಿಗ್ಗೆ ಕಾರು ಬಂತು. ಅಣ್ಣ ದೇವರ ಮನೆಯ ಬಾಗಿಲಲ್ಲಿ ನಿಂತು, ಅಮ್ಮ, ಹೋಗಿ ಬರ್ತೀನಿ ಎಂದ. ಅಮ್ಮ ತಿರುಗಲಿಲ್ಲ. ಹೂ ಏರಿಸುತ್ತಿದ್ದ ಕೈ ನಿಂತಿತು, ಅಷ್ಟೇ. ಅವನು ಕಾದ. ಆಮೇಲೆ ಹೊಸ್ತಿಲಿಗೆ ನಮಸ್ಕಾರ ಮಾಡಿ ಬಂದ.

ವಾರ್ಡಿನಲ್ಲಿ ತುಂಬಾ ಮಾತಾಡುತ್ತಾನೆ ಅಂದುಕೊಂಡಿದ್ದೆ. ಹಡಗಿನ ಕಥೆ, ಅಪ್ಪನ ಕಥೆ. ಇಲ್ಲ. ನೋವು. ದವನ ಹಳೆಯದಾದರೆ ಕಹಿ ಬರುತ್ತೆ, ಮೋಹನ್‌ಗೆ ಹೇಳು, ಎಂದ. ನನ್ನ ಕನ್ನಡಕ ನಿನ್ನ ಹತ್ತಿರ ಇಟ್ಕೋ ಎಂದ. 

20 ಮಾರ್ಚ್, ಗುರುವಾರ. ಆಸ್ಪತ್ರೆ

ಐಸಿಯುನಿಂದ ವಾರ್ಡಿಗೆ ಬಂದು ನಾಲ್ಕು ದಿನ. ಕತ್ತಿನಲ್ಲಿ ಒಂದು ಟ್ಯೂಬ್, ಹೊಟ್ಟೆಗೆ ಒಂದು. ಮಕ್ಕಳ ಮ್ಯಾಜಿಕ್ ಸ್ಲೇಟ್ ತಂದುಕೊಟ್ಟಿದ್ದೇನೆ. ಅಕ್ಷರ ಈಗಲೂ ಮುತ್ತಿನ ಹಾಗೆ.

ಅಮ್ಮ ಇವತ್ತು ಬಂದಿದ್ದಳು. ಹತ್ತು ನಿಮಿಷ ಕಾಲ ಹತ್ತಿರ ನಿಂತು, ಹೊದಿಕೆ ಸರಿ ಮಾಡಿ, ಹೋಗಿ ಕಾರಿಡಾರಿನಲ್ಲಿ ಕೂತಳು. ನೀನೇ ಬರೆದು ತೋರಿಸು ಅಣ್ಣ, ಕುಡಿದದ್ದು ನೀನಲ್ಲ ಅಂತ, ಎಂದೆ. ತಲೆ ಅಲ್ಲಾಡಿಸಿದ. ಯಾಕೆ ಎಂದೆ.

ಬರೆದ: ‘ನೀನು ಆ ಮನೇಲಿ ಇರಬೇಕಲ್ಲ.’

ನಾನು ಓದಿದ ಮೇಲೆ ಅಳಿಸಿದ.

ಅತ್ತುಬಿಟ್ಟೆ. ಆದರೆ ಇಲ್ಲಿ ಸುಳ್ಳು ಬರೆಯುವುದಿಲ್ಲ — ಅಳುವ ಮುಂಚೆ ಒಂದು ಕ್ಷಣ ಹಗುರವಾಯಿತು. ಬಚಾವಾದೆ ಅನ್ನಿಸಿತು.

6 ಏಪ್ರಿಲ್, ಭಾನುವಾರ

ಮನೆಗೆ ಬಂದು ವಾರವಾಯಿತು. ಟ್ಯೂಬಿನಲ್ಲಿ ಗಂಜಿ ಹಾಕುವುದನ್ನು ಅಮ್ಮ ಒಂದೇ ದಿನಕ್ಕೆ ಕಲಿತಳು. ನನಗಿಂತ ಚೆನ್ನಾಗಿ ಮಾಡುತ್ತಾಳೆ. ಗಾಳಿ ಸೇರದ ಹಾಗೆ, ನಿಧಾನವಾಗಿ. ಎಪ್ಪತ್ತಾರು ವರ್ಷ, ಕೈ ನಡುಗುವುದಿಲ್ಲ. ಮುಖ ಮಾತ್ರ ಗೋಡೆಯ ಕಡೆ.

ಅಣ್ಣ ಸ್ಲೇಟಿನಲ್ಲಿ ಏನೋ ಬರೆದು ಅವಳ ಮುಂದೆ ಹಿಡಿದ. ಕನ್ನಡಕ ಇಲ್ಲ ಎಂದು ಎದ್ದು ಹೋದಳು. ಕನ್ನಡಕ ಅವಳ ಹಣೆಯ ಮೇಲಿತ್ತು.

27 ಏಪ್ರಿಲ್, ಭಾನುವಾರ

ಮೂರು ದಿನದಿಂದ ಜ್ವರ. ಉಸಿರಿನಲ್ಲಿ ಗೊರಗೊರ. ಶ್ವಾಸಕೋಶದಲ್ಲಿ ಇನ್‌ಫೆಕ್ಷನ್ ಇರಬೇಕು ಎಂದರು ಡಾಕ್ಟರು. ನಾಳೆ ಅಡ್ಮಿಟ್. ಬ್ಯಾಗ್ ಜೋಡಿಸಬೇಕು.

20 ಮೇ, ಮಂಗಳವಾರ

ಅಣ್ಣ ಹೋಗಿ ನಿನ್ನೆಗೆ ಹದಿಮೂರು ದಿನ ಮುಗಿಯಿತು. ಏಳನೇ ತಾರೀಖು, ಬುಧವಾರ, ಬೆಳಿಗ್ಗೆ ಒಂಬತ್ತು ಇಪ್ಪತ್ತು. ಪಕ್ಕದಲ್ಲಿ ನಾನೊಬ್ಬಳೇ ಇದ್ದೆ. ಅಮ್ಮ ಕ್ಯಾಂಟೀನಿನಲ್ಲಿ ಬಿಸಿನೀರು ತರಲು ಹೋಗಿದ್ದಳು. ಫ್ಲಾಸ್ಕ್ ಹಿಡಿದುಕೊಂಡೇ ಬಂದು ನಿಂತಳು. ಅವಳ ಕೈಯಿಂದ ಅದನ್ನು ಬಿಡಿಸಿಕೊಳ್ಳಲು ನರ್ಸ್ ಬರಬೇಕಾಯಿತು.

ವೈಕುಂಠ ಸಮಾರಾಧನೆಗೆ ಬಂದವರು ಏನಾಗಿತ್ತು ರಾಧಮ್ಮ ಎಂದು ಕೇಳಿದರು. ಹೋಟೆಲ್ ಮ್ಯಾನೇಜರು ಎಂದು ಮುಚ್ಚಿಡುತ್ತಿದ್ದವಳು ಪಂಕ್ತಿಯ ಮಧ್ಯೆ ನಿಂತು ಹೇಳಿದಳು.

“ಕುಡೀತಿದ್ದ. ಕುಡಿದೂ ಕುಡಿದೂ ನಾಲಿಗೆ ಕಳ್ಕೊಂಡ. ಕೊನೇವರೆಗೂ ಬಿಡ್ಲಿಲ್ಲ.”

ನಾನು ಮಜ್ಜಿಗೆ ಬಡಿಸುತ್ತಿದ್ದೆ. ಬಡಿಸುತ್ತಾ ಮುಂದಿನ ಎಲೆಗೆ ಹೋದೆ.

29 ಜೂನ್, ಭಾನುವಾರ

ಮೋಹನ್‌ಬಾಬು ಬಾರ್ ತೆರೆದರು. ಮೆನುವಿನ ಫೋಟೋ ಕಳಿಸಿದ್ದಾರೆ. ಮೂರನೇ ಸಾಲು: ‘ರಘುನಂದನ್ — ಜಿನ್, ನಿಂಬೆ, ದವನ.’ ಫೋನಿನಲ್ಲಿ ದೊಡ್ಡದು ಮಾಡಿ, ಚಿಕ್ಕದು ಮಾಡಿ ನೋಡಿದೆ. ಬನ್ನಿ ಮೇಡಂ, ಒಂದು ಸಲ ಟೇಸ್ಟ್ ಮಾಡಿ ಹೇಳಬೇಕು ನೀವು, ಎಂದಿದ್ದಾರೆ. ಬೇರೆ ಯಾರೂ ಹೇಳಲಾರರಂತೆ.

13 ಜುಲೈ, ಭಾನುವಾರ

ಹೋಗಿದ್ದೆ. ಮಧ್ಯಾಹ್ನ, ಇನ್ನೂ ಜನ ಇರಲಿಲ್ಲ. ಮೋಹನ್‌ಬಾಬು ಕೈಯಾರೆ ಮಾಡಿ ಕೊಟ್ಟರು. ಸರಿಯಾಗಿತ್ತು. ನಿಂಬೆ ಮಾತ್ರ ಒಂದು ಕೂದಲೆಳೆ ಜಾಸ್ತಿ. ಹೇಳಿದೆ. ಅವರು ಗಂಭೀರವಾಗಿ ಬರೆದುಕೊಂಡರು. ಉಗಿಯಲು ಕಪ್ ಕೊಟ್ಟಿದ್ದರು. ಬೇಡ ಎಂದೆ. ಪೂರ್ತಿ ಕುಡಿದೆ, ನಿಧಾನವಾಗಿ.

ಅವರು ಹೇಳಿದ್ದು: ಹಡಗಿನಲ್ಲಿ ಹೊಸ ವರ್ಷದ ಪಾರ್ಟಿಯಲ್ಲಿ ಎಲ್ಲರೂ ಸೇರಿ ಅಣ್ಣನ ಬಾಯಿಗೆ ಸುರಿಯಲು ನೋಡಿದರಂತೆ. ಆಗ ಮೊದಲ ಸಲ ಅವನು ಸಿಟ್ಟಾದದ್ದು. ಮನೆ ಬಿಡುವ ದಿನ ಅಮ್ಮ ಅವನ ಕೈಯನ್ನು ತನ್ನ ತಲೆಯ ಮೇಲೆ ಇರಿಸಿಕೊಂಡು ಮಾತು ತೆಗೆದುಕೊಂಡಿದ್ದಳಂತೆ. ಯಾವ ಕೆಲಸವಾದರೂ ಮಾಡು, ಒಂದು ತೊಟ್ಟು ನುಂಗಬೇಡ ಅಂತ.

“ಅದೊಂದು ಮಾತು ಉಳಿಸ್ಕೊಂಡಿದೀನಿ ಅಂತಿದ್ದ ಮೇಡಂ. ಅದೊಂದೇ ಅವನಿಗೆ ಹೆಮ್ಮೆ.”

ಆ ಹೆಮ್ಮೆಯನ್ನು ಅವನು ಬಿಟ್ಟುಕೊಟ್ಟದ್ದು ನನಗೆ. ನಾನು ತೆಗೆದುಕೊಂಡೆ.

14 ಜುಲೈ, ಸೋಮವಾರ. ಸಂಜೆ 5

ರಜೆ ಹಾಕಿದೆ. ತಿಂಡಿ ಆದ ಮೇಲೆ ಅಮ್ಮನ ಎದುರು ಕೂತು ಹೇಳಿದೆ. ಬಸ್ಸು, ಅವರೆಕಾಯಿ, ಸ್ಟ್ರಾ, ದವನ, ಎಲ್ಲಾ. ಅವನು ನುಂಗಿಲ್ಲ ಅಂದೆ. ನುಂಗಿದ್ದು ನಾನು ಅಂದೆ. ಅವತ್ತು ಬಾಗಿಲಲ್ಲಿ ಸುಮ್ಮನೆ ನಿಂತಿದ್ದೆ ಅಂದೆ.

ಅಮ್ಮ ಹುರುಳಿಕಾಯಿ ಬಿಡಿಸುತ್ತಿದ್ದಳು. ನಿಲ್ಲಿಸಲಿಲ್ಲ. ಎಲ್ಲ ಮುಗಿದ ಮೇಲೆ ನಾರನ್ನು ಪೇಪರಿನಲ್ಲಿ ಮಡಚಿದಳು. ಹೊಡೆಯುತ್ತಾಳೆ ಅಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿರುತ್ತಿತ್ತು.

“ಅವನ ಮೇಲೆ ಕೋಪ ಮಾಡ್ಕೊಂಡು ಹೆಂಗೋ ದಿನ ತಳ್ತಿದ್ದೆ ಕಣೇ” ಎಂದಳು. “ಅದನ್ನೂ ಕಿತ್ಕೊಂಡ್ಯಲ್ಲ. ಇವಾಗ ನಾನೇನು ಮಾಡ್ಲಿ?”

ಮಹಡಿಗೆ ಹತ್ತಿ ಹೋಗಿದ್ದಾಳೆ. ಇನ್ನೂ ಇಳಿದಿಲ್ಲ. ಎರಡು ಸಲ ಕರೆದೆ.

3 ಆಗಸ್ಟ್, ಭಾನುವಾರ

ಇಪ್ಪತ್ತು ದಿನ ಮಾತಿಲ್ಲ. ಈಗ ಲೋಟ ಮೆಟ್ಟಿಲ ಮೇಲೆ ಇಡುವುದು ನಾನು. ಅಮ್ಮ ಮಲಗುವುದು ಮಹಡಿಯಲ್ಲೇ, ಅವನ ಮಂಚದ ಮೇಲೆ.

ಇವತ್ತು ಬೆಳಿಗ್ಗೆ ತಾನಾಗಿ ಇಳಿದು ಬಂದಳು. ಅಡುಗೆಮನೆಯಲ್ಲಿ ನನ್ನ ಪಕ್ಕ ನಿಂತು, ನೀವಿಬ್ಬರೂ ಅದನ್ನು ಹೇಗೆ ಮಾಡುತ್ತಿದ್ದಿರಿ, ತೋರಿಸು ಎಂದಳು. ಜಿನ್ ಇಲ್ಲ ಎಂದೆ. ನೀರಲ್ಲಿ ಮಾಡು ಎಂದಳು. ಡಬ್ಬಿಯಲ್ಲಿ ನೀರು, ನಿಂಬೆ, ಸಕ್ಕರೆ, ಐಸ್. ಕುಲುಕಿದೆ. ಅಮ್ಮ ನೋಡುತ್ತಿದ್ದಳು. ಇಪ್ಪತ್ತಾರು ವರ್ಷ ಇದನ್ನೇ ಮಾಡಿದನಾ ಎಂದು ಕೇಳಿದಳು. ಹೌದು. ಕೈ ನೋಯುತ್ತಿರಲಿಲ್ಲವಂತಾ? ಗೊತ್ತಿಲ್ಲ. ಅಮ್ಮ ಡಬ್ಬಿಯನ್ನು ತನ್ನ ಕೈಗೆ ತೆಗೆದುಕೊಂಡು ಒಂದು ನಾಲ್ಕು ಸಲ ಕುಲುಕಿ, ಕೆಳಗಿಟ್ಟು, ಸೆರಗಿನಲ್ಲಿ ಕೈ ಒರೆಸಿಕೊಂಡಳು.

10 ಆಗಸ್ಟ್, ಭಾನುವಾರ. ಬೆಳಿಗ್ಗೆ 11

ದಿನಾ ಒಂದೊಂದು ಕೇಳುತ್ತಾಳೆ. ಮನೆ ಬಿಟ್ಟ ದಿನದಿಂದ ಅವನನ್ನು ಕೇಳದೆ ಇಟ್ಟುಕೊಂಡದ್ದನ್ನೆಲ್ಲ ನನ್ನನ್ನು ಕೇಳುತ್ತಿದ್ದಾಳೆ. ಹಡಗಿನಲ್ಲಿ ಊಟಕ್ಕೆ ಏನು ಮಾಡುತ್ತಿದ್ದ? ಸಮುದ್ರ ಜೋರಾದರೆ ಹೆದರಿಕೆ ಆಗುತ್ತಿರಲಿಲ್ಲವಾ? ಜನಿವಾರ ಇತ್ತಾ? ಸ್ವಲ್ಪ ಗೊತ್ತಿರುವುದನ್ನು ಹೇಳುತ್ತೇನೆ. ಗೊತ್ತಿಲ್ಲದ್ದನ್ನು ಮೋಹನ್‌ಬಾಬುವನ್ನು ಕೇಳಿ ಹೇಳುತ್ತೇನೆ.

ಇವತ್ತು ಪೂಜೆ ಮುಗಿಸಿ ಬಂದು ಕೂತು, ನನ್ನ ಮುಖ ನೋಡದೆ ಕೇಳಿದಳು.

“ಅವನಿಗೆ ಅಂತ ಯಾರಾದ್ರೂ ಇದ್ರೇನೇ? ಎಲ್ಲಾದ್ರೂ? ತಿಳಿಸ್ಬೇಕಾದೋರು?”

ಅಷ್ಟು ಸಂಜೆ ಅಣ್ಣ, ನಾನು ಎದುರುಬದುರು ಕೂತಿದ್ದೆವು, ಅವನಿಗೆ ಮಾತಿತ್ತು. ನಿಂಬೆ ಎಷ್ಟು, ಸಕ್ಕರೆ ಎಷ್ಟು, ಎಲ್ಲಿ ತಾಗಿತು, ಎಷ್ಟು ಹೊತ್ತು ಇತ್ತು... ಇದನ್ನು ನಾನು ಕೇಳಲಿಲ್ಲ. ಕೇಳಬೇಕು ಅಂತ ಹೊಳೆಯಲೂ ಇಲ್ಲ.

ಈಗಷ್ಟೇ ಮೋಹನ್‌ಬಾಬುಗೆ ಫೋನ್ ಮಾಡಿದೆ. ಪ್ರಶ್ನೆ ಕೇಳಿದೆ. ಮೇಡಂ, ಕೂತ್ಕೊಂಡಿದೀರಾ ಎಂದರು. ಅಮ್ಮ ಪಕ್ಕದಲ್ಲಿದ್ದಾಳೆ, ಸ್ಪೀಕರ್ ಹಾಕು ಎಂದು ಸನ್ನೆ ಮಾಡಿದಳು. ಹಾಕಿದೆ. ಅವರು ಒಂದು ಹೆಸರು ಹೇಳಿದರು. ಗೋವಾದ ವಾಸ್ಕೋದಲ್ಲಿ ಒಂದು ಮನೆ. ಮೇ ತಿಂಗಳಿಂದ ಅಲ್ಲಿಂದ ದಿನಾ ಅವನ ನಂಬರಿಗೆ ಫೋನ್ ಮಾಡುತ್ತಾರಂತೆ, ಸ್ವಿಚ್ ಆಫ್ ಯಾಕೆ ಎಂದು ಮೋಹನ್‌ಬಾಬುವನ್ನು ಕೇಳುತ್ತಾರಂತೆ. ಅವನು ಇಲ್ಲ ಎಂದು ಅವರಿಗೆ ಹೇಳುವ ಧೈರ್ಯ ಮೋಹನ್‌ಬಾಬುಗೂ ಆಗಿಲ್ಲ.

ಅಮ್ಮ ಕನ್ನಡಕ ಹಾಕಿಕೊಂಡು ಪೆನ್ನು ಕೇಳುತ್ತಿದ್ದಾಳೆ. ನಂಬರ್ ತಾನೇ ಬರೆದುಕೊಳ್ಳಬೇಕಂತೆ. ಮೊದಲು ತಾನೇ ಮಾತಾಡಬೇಕಂತೆ. ಏನಂತ ಮಾತಾಡ್ತೀಯಮ್ಮ ಎಂದೆ. ಹತ್ತಿರವಿರುವುದು ನಾನು ಇದನ್ನು ಬರೆಯುತ್ತಿರುವ ಪೆನ್ನೊಂದೇ. ಅದನ್ನೇ ಕೊಡು ಎಂದು ಅಮ್ಮ ಕೈ ಚಾಚಿದ್ದಾಳೆ.